ಏಳು ಬಾಟಲಿ ಬಣ್ಣದ ನೀರು

೧೯೭೭ನೆಯ ಇಸವಿ, ಏಪ್ರಿಲ್ ಮೂವತ್ತು, ಶನಿವಾರ. ಬೇಸಿಗೆಯ ವೇಳೆಯಾದ್ದರಿಂದ ಕಚೇರಿ ಬೆಳಿಗ್ಗೆ ಎಂಟಕ್ಕೆ ತೆರೆದಿತ್ತು. ಸ್ಥಳ, ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದ ನಮ್ಮ ಜೂನಿಯರ್ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯ. ಹಾಜರಿದ್ದವರು ಮೂವರು: ಅಂದು ನಿವೃತ್ತರಾಗಲಿದ್ದ ಜೀವಶಾಸ್ತ್ರದ ಉಪನ್ಯಾಸಕರು, ಅವರಿಂದ ಚಾರ್ಜ್ ತೆಗೆದುಕೊಳ್ಳಬೇಕಾಗಿದ್ದ ಕಚೇರಿ ಸೂಪರಿಂಟೆಂಡೆಂಟನಾದ ನಾನು, ಮತ್ತು ಅಟೆಂಡರ್ ಖಾಜಾಸಾಬ. ಪ್ರಿನ್ಸಿಪಾಲರು ರಜೆಯ ಮೇಲೆ ಊರಿಗೆ ಹೋಗಿದ್ದರು. ಉಪನ್ಯಾಸಕರ ಜಾಗಕ್ಕೆ ಬರುವವರ ಆದೇಶ ಇನ್ನೂ ಬಂದಿರಲಿಲ್ಲ.

ಇದಾಗಿ ಎಷ್ಟೋ ವರ್ಷವಾಯಿತು. ಆ ಉಪನ್ಯಾಸಕರು ಹೋದ ತಿಂಗಳು ಸೇಡಂನಲ್ಲಿ ತೀರಿಕೊಂಡರೆಂದು ಅಲ್ಲಿಂದ ಬಂದ ಪರಿಚಯದವರೊಬ್ಬರು ಹೇಳಿದರು. ಸುದ್ದಿ ಕೇಳಿ ನಾನು ಮೊದಲು ಮಾಡಿದ ಕೆಲಸ, ಕಪಾಟಿನಿಂದ ಆ ವರ್ಷದ ದಿನಚರಿ ತೆಗೆದದ್ದು. ನಾನು ಕಲಿತದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಬೋರ್ಡಿಂಗಿನಲ್ಲಿ. ದಿನದ ಕೆಲಸವನ್ನು ಅಂದೇ ಬರೆದಿಡುವುದು ಅಲ್ಲಿಂದ ಬಂದ ಅಭ್ಯಾಸ. ಆ ದಿನದ ಪುಟ ಸಾಕಷ್ಟು ಉದ್ದವಾಗಿದೆ.

ಅವರ ಹೆಸರು ಬರೆಯುವುದಿಲ್ಲ. ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಹುಡುಗರು ಅವರನ್ನು ‘ಪಾಚಿ ಸರ್’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಅದರ ಬಗ್ಗೆ ಅವರಿಗಿದ್ದದ್ದು ಒಂದೇ ಆಕ್ಷೇಪ.

“ಯಾವ ಪಾಚಿ ಅಂತ ಹೇಳಬೇಕಲ್ರಿ? ಅದರಾಗ ಸಾವಿರ ಥರ ಅದಾವ.”

ಯಾವ ವಸ್ತು ಕೈಗೆ ಬಂದರೂ ಅವರು ಅದನ್ನು ಮೊದಲು ಬೆಳಕಿಗೆ ಹಿಡಿಯುತ್ತಿದ್ದರು. ಚಹಾದ ಗ್ಲಾಸು, ಔಷಧಿಯ ಶೀಶೆ, ಖಾನಾವಳಿಯ ತೆಳ್ಳನೆಯ ಸಾರು, ಎಲ್ಲಕ್ಕೂ ಅದೇ ಪರೀಕ್ಷೆ. ನಾನು ಸಹಿಗೆ ಕಳಿಸಿದ ಸುತ್ತೋಲೆಯನ್ನೂ ಕಿಟಕಿಗೆ ಹಿಡಿದು, ಎಡಗಣ್ಣು ಮುಚ್ಚಿ ನೋಡಿ, “ಕಾಗದ ಛಲೋ ಅದ” ಎಂದು ಸಹಿ ಹಾಕದೆ ಹಿಂದಕ್ಕೆ ಕಳಿಸುತ್ತಿದ್ದರು. ಓದಿ ಸಹಿ ಮಾಡಬೇಕಲ್ಲ ಎಂದು ನಾನೇ ಹೋಗಿ ಕೇಳಿದರೆ, “ಒಳಗ ಏನೂ ಕಾಣಲಿಲ್ಲರಿ” ಎನ್ನುತ್ತಿದ್ದರು. ಸುತ್ತೋಲೆಗಳ ಬಗ್ಗೆ ಅದು ಅನ್ಯಾಯದ ಮಾತೇನೂ ಅಲ್ಲ.

ಮೊದಲ ಕೆಲವು ವರ್ಷ ಅವರ ಪಾಚಿ ಚಂದ್ರಂಪಳ್ಳಿ ಕೆರೆಯಿಂದ ತಂದ ಸಾಧಾರಣ ಹಸಿರು ಪಾಚಿ. ಅದು ಒಂದು ಮೂಲೆಯಲ್ಲಿ ತನ್ನಷ್ಟಕ್ಕೆ ಬೆಳೆಯುತ್ತಿತ್ತು, ಕಚೇರಿಗೆ ಅದರಿಂದ ಯಾವ ಕಾಗದಪತ್ರವೂ ಹುಟ್ಟಿರಲಿಲ್ಲ. ತೊಂದರೆ ಶುರುವಾದದ್ದು ಶಹಾಬಾದಿನ ಒಂದು ಮದುವೆಯಿಂದ.

ಅವರ ಬಳಗದವರ ಮನೆಯ ಹಿಂದೆ ಕಲ್ಲು ನುಣುಪು ಮಾಡುವ ಅಂಗಳವಿತ್ತು. ಅಲ್ಲಿ ಬಳಕೆ ತಪ್ಪಿದ ಒಂದು ಕಲ್ಲಿನ ದೋಣಿ, ಅಂದರೆ ನೀರಿನ ತೊಟ್ಟಿ. ದೋಣಿಯ ನೀರು ಬಿಸಿಲಿಗೆ ಇಂಗಿ ಗೇಣಿಗೆ ಬಂದಿತ್ತು, ಮತ್ತು ಇಟ್ಟಿಗೆಯ ಹಾಗೆ ಕೆಂಪಗಿತ್ತು. ಅಕ್ಷತೆಯ ಹೊತ್ತಿಗೆ ಎಲ್ಲರೂ ಮಂಟಪದಲ್ಲಿದ್ದರೆ ಇವರು ದೋಣಿಯ ಹತ್ತಿರ ಮೊಣಕಾಲೂರಿ ಕೂತು ಶರಬತ್ತಿನ ಖಾಲಿ ಬಾಟಲಿಗೆ ಆ ನೀರು ತುಂಬುತ್ತಿದ್ದರು. ಉಡುಗೊರೆ ಬರೆದುಕೊಳ್ಳುತ್ತಿದ್ದವರು ಇವರ ಹೆಸರಿನ ಮುಂದೆ ಏನು ಬರೆದುಕೊಂಡರೋ ತಿಳಿಯದು.

ಮರಳಿ ಬರುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರಂನಲ್ಲಿ ಅವರು ಬಾಟಲಿಯನ್ನು ಎಂದಿನಂತೆ ಸೂರ್ಯನಿಗೆ ಹಿಡಿದು ನಿಂತಿದ್ದಾಗ ರೈಲ್ವೆ ಪೊಲೀಸಿನವನೊಬ್ಬ ಬಂದ. ಈ ಪ್ರಸಂಗವನ್ನು ಅವರೇ ನನಗೆ ಹೇಳಿದ್ದು, ಇಬ್ಬರ ದನಿಯಲ್ಲೂ.

“ಏನ್ರಿ ಅದು, ರಕ್ತ ಏನು?”

“ಪಾಚಿ.”

“ಪಾಚಿ ಹಸರ ಇರ್ತದ. ನಾ ಸಣ್ಣಾಂವ ಇದ್ದಾಗಿಂದ ನೋಡೀನಿ.”

“ಬಿಸಲಿಗೆ ಬಿದ್ದು ಕೆಂಪ ಆಗ್ಯದ.”

“ಹಂಗಿದ್ರ ವಾಡಿ ಸ್ಟೇಷನ್ನಾಗ ನಾವೆಲ್ಲಾ ಕೆಂಪ ಆಗಬೇಕಿತ್ತು.”

“ನೀವು ಆಗೀರಿ. ಒಳಗ ಆಗೀರಿ. ಕಾಣಂಗಿಲ್ಲ ಅಷ್ಟ.”

ಪೊಲೀಸಿನವನು ಬಾಟಲಿಯ ಬಾಯಿ ಮೂಸಿ ನೋಡಿ, ಸರಾಯಿ ಅಲ್ಲವೆಂದು ಖಾತ್ರಿ ಮಾಡಿಕೊಂಡು, ಸರಾಯಿ ಅಲ್ಲದ್ದಕ್ಕೆ ಸ್ವಲ್ಪ ಬೇಸರದಿಂದಲೇ ಬಿಟ್ಟನಂತೆ. ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನು ಚಿಂಚೋಳಿಗೆ ತಂದರು.

ನಾನು ಕಲಾ ವಿಭಾಗದಲ್ಲಿ ಓದಿದವನು. ನನಗೆ ಅವರು ತಿಳಿಸಿದ್ದನ್ನು ತಿಳಿದಷ್ಟು ಬರೆಯುತ್ತೇನೆ. ಆ ಜೀವಿ ಒಂದೇ ಜೀವಕೋಶದ್ದು. ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಾಣುತ್ತದೆ. ನೀರು ಹೇರಳವಾಗಿದ್ದು ಬೆಳಕು ಮಿತವಾಗಿದ್ದರೆ ಹಸಿರಾಗಿರುತ್ತದೆ. ಬೆಳಕು ಕಡಿಮೆಯಾದಷ್ಟೂ ಹಸಿರು ಕಡುವಾಗುತ್ತದೆ, ಸಿಕ್ಕ ಸ್ವಲ್ಪ ಬೆಳಕನ್ನೂ ಬಿಡದೆ ಹಿಡಿಯಬೇಕಲ್ಲ. ಬಿಸಿಲು ವಿಪರೀತವಾಗಿ, ನೀರೂ ಆಹಾರವೂ ತೀರುತ್ತ ಬಂದರೆ ತನ್ನೊಳಗೆ ಒಂದು ಕೆಂಪು ಬಣ್ಣ ತಯಾರಿಸಿಕೊಂಡು ಗಟ್ಟಿಯಾಗಿ ಕೂತುಬಿಡುತ್ತದೆ. “ಅದು ಅದರ ಛತ್ರಿ” ಎನ್ನುತ್ತಿದ್ದರು.

ಇಷ್ಟು ಪುಸ್ತಕದಲ್ಲಿಯೇ ಇತ್ತಂತೆ. ಅವರಿಗೆ ಬೇಕಾಗಿದ್ದದ್ದು ಬೇರೆ: ಛತ್ರಿ ಬಿಚ್ಚುವುದು ಬೆಳಕಿನ ಜೋರಿಗೋ, ಬೆಳಕಿನ ಬಣ್ಣಕ್ಕೋ? ನೀಲಿ ಬೆಳಕಿಗೆ ಬೇಗ ಕೆಂಪಾಗುತ್ತದೆಂದು ಅವರಿಗೆ ಒಂದು ಗುಮಾನಿ.

“ಬೆಳಕು ಅಂದ್ರ ಒಂದ ಮಾತಲ್ಲರಿ. ಎಷ್ಟು ಅನ್ನೋದು ಒಂದು, ಎಂಥಾದ್ದು ಅನ್ನೋದು ಇನ್ನೊಂದು. ಎರಡೂ ಕೂಡಿಸಿ ಕೇಳಿದ್ರ ಅದು ಜವಾಬ್ ಕೊಡಂಗಿಲ್ಲ.”

ಪ್ರಯೋಗಾಲಯದ ಹಿಂದಿನ ಕೋಣೆಯ ದಕ್ಷಿಣದ ಕಿಟಕಿಯಲ್ಲಿ ಏಳು ಬಾಟಲಿ ಸಾಲಾಗಿ ನಿಂತವು. ಎಲ್ಲವೂ ಒಂದೇ ಅಳತೆಯ, ಅಗಲ ಬಾಯಿಯ ಬಿಳಿ ಗಾಜಿನವು. ಒಂದಕ್ಕೆ ಏನೂ ಸುತ್ತಿರಲಿಲ್ಲ, ಅದಕ್ಕೆ ಪೂರ್ತಿ ಬಿಸಿಲು. ಒಂದಕ್ಕೆ ಕಪ್ಪು ಕಾಗದ, ಅದಕ್ಕೆ ಪೂರ್ತಿ ಕತ್ತಲೆ. ಉಳಿದ ಐದರಲ್ಲಿ ನಾಲ್ಕಕ್ಕೆ ಕೆಂಪು, ನೀಲಿ, ಹಸಿರು, ಹಳದಿ ಪನ್ನಿ, ಅಂದರೆ ಆಚೆಯದು ಕಾಣುವ ಬಣ್ಣದ ಕಾಗದ. ಐದನೆಯದಕ್ಕೆ ಬಿಳಿ ಮಲಮಲ್ ಬಟ್ಟೆ, ಅದಕ್ಕೆ ಬಣ್ಣವಿಲ್ಲದ ಮಂದ ಬೆಳಕು. ನೀಲಿ ಪನ್ನಿ ಒಂದೇ ಪದರಕ್ಕೆ ಬಹಳ ಬೆಳಕು ತಡೆಯುತ್ತದೆ, ಹಳದಿ ತಡೆಯುವುದೇ ಇಲ್ಲ. ಆದ್ದರಿಂದ ಒಂದಕ್ಕೆ ಒಂದು ಪದರ, ಇನ್ನೊಂದಕ್ಕೆ ಐದು. ಫೋಟೋ ತೆಗೆಯುವವರಿಂದ ಬೆಳಕು ಅಳೆಯುವ ಮೀಟರು ಎರವಲು ತಂದು, ಐದರ ಒಳಗೂ ಮುಳ್ಳು ಒಂದೇ ಗೆರೆಗೆ ನಿಲ್ಲುವ ತನಕ ಪದರ ಹೆಚ್ಚು ಕಡಿಮೆ ಮಾಡಿದರು. ಆ ಕೆಲಸಕ್ಕೆ ಎರಡು ದಿನ ಹಿಡಿಯಿತು. ಇಪ್ಪತ್ತೊಂದನೆಯ ದಿನ ಒಂದೊಂದನ್ನೂ ಸೋಸಿ, ಬಣ್ಣವನ್ನು ಸ್ಪಿರಿಟ್ಟಿನಲ್ಲಿ ಇಳಿಸಿ ಹೋಲಿಸಬೇಕೆಂಬುದು ಕ್ರಮ.

ಪನ್ನಿ ತಂದದ್ದು ಮದುವೆಯಲ್ಲಿ ಮದುಮಗನ ಮುಖಕ್ಕೆ ಇಳಿಬಿಡುವ ಸೆಹರಾ ಕಟ್ಟುವ ಒಬ್ಬ ಮುದುಕರ ಅಂಗಡಿಯಿಂದ. ನಾಲ್ಕೂ ಬಣ್ಣದ್ದು ಕೇಳಿದಾಗ ಅವರು ವಿಚಾರಿಸಿದರಂತೆ, “ಯಾರ ಶಾದಿ ಅದ ಸಾಬ್ ಮನ್ಯಾಗ?”

“ಪಾಚೀದು.”

ಮುದುಕರು ಮರುಪ್ರಶ್ನೆ ಹಾಕಲಿಲ್ಲ. ಆದರೆ ಅಂದಿನಿಂದ ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: “ಸರ್, ನಿಮ್ಮ ನೌಶಾ ಯಾವ ಸೆಹರಾದಾಗ ಖುಷ್ ಅದಾನ?” ಮದುಮಗ ಯಾವ ಬಣ್ಣದಲ್ಲಿ ಸುಖವಾಗಿದ್ದಾನೆ ಎಂದು. ಇವರು ನಿಂತು ಪೂರ್ತಿ ವರದಿ ಒಪ್ಪಿಸುತ್ತಿದ್ದರು. ಪ್ರಯೋಗದ ಬಗ್ಗೆ ನಿಯಮಿತವಾಗಿ ವಿಚಾರಿಸಿದವರು ಊರಿನಲ್ಲಿ ಅವರೊಬ್ಬರೇ.

ಮೊದಲ ಬೇಸಿಗೆಯಲ್ಲಿ ಪ್ರಯೋಗ ಹತ್ತನೆಯ ದಿನಕ್ಕೆ ನಿಂತಿತು. ಬೆಳಕಿಗೆ ಪಾಚಿಯ ಬಣ್ಣ ಬದಲಾಗುವ ಮೊದಲೇ ಪನ್ನಿಯ ಬಣ್ಣ ಬದಲಾಯಿತು. ಕೆಂಪು ಪನ್ನಿ ತಿಳಿ ಗುಲಾಬಿಯಾಗಿ, ಆಮೇಲೆ ಬೆಳ್ಳಗಾಯಿತು. “ಕಾಗದಾನೂ ಪ್ರಯೋಗದಾಗ ಭಾಗ ತಗೊಂಡದ” ಎಂದರು. ಎರಡನೆಯ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಪನ್ನಿ ಬದಲಿಸಿದರು. ಹದಿನಾಲ್ಕನೆಯ ದಿನ ಸುಣ್ಣ ಹಚ್ಚುವವರು ಬಂದು, ಬಾಟಲಿಗಳನ್ನು ಬಹಳ ಜಾಗರೂಕತೆಯಿಂದ ಕತ್ತಲ ಕೋಣೆಗೆ ಸಾಗಿಸಿದರು. ಉಳಿದದ್ದು ಮೂರನೆಯ ಬೇಸಿಗೆ. ಅದರ ನಡುವೆ ನಿವೃತ್ತಿಯ ದಿನ ಇತ್ತು. ಮಾರ್ಚಿ ತಿಂಗಳ ಕೊನೆಗೆ ಶುರು ಮಾಡಿದರೆ ಏಪ್ರಿಲ್ ಮೂವತ್ತರ ಒಳಗೆ ಇಪ್ಪತ್ತೊಂದು ದಿನ ಆರಾಮಾಗಿ ಮುಗಿಯುತ್ತದೆಂದು ಲೆಕ್ಕ ಹಾಕಿ ಶುರು ಮಾಡಿದರು. ಲೆಕ್ಕ ಸರಿಯಾಗಿಯೇ ಇತ್ತು.

ನಡುವೆ ಪರೀಕ್ಷೆಯ ಪೇಪರು ತಿದ್ದಲು ಅವರನ್ನು ಜಿಲ್ಲಾ ಕೇಂದ್ರಕ್ಕೆ ಕರೆದರು. ಹೋಗುವಾಗ ಖಾಜಾಸಾಬನಿಗೆ ಒಂದೇ ಮಾತು ಹೇಳಿದರು: ಬಾಟಲಿ ಕಾಯದ ಹಾಗೆ ನೋಡಿಕೋ. ಬಿಸಿಲಿನ ಬೆಳಕು ಬೇಕು, ಕಾವು ಬೇಡ ಎಂದು ಬಾಟಲಿಗಳನ್ನು ನೀರು ತುಂಬಿದ ತಗಡಿನ ಟ್ರೇಯಲ್ಲಿ ನಿಲ್ಲಿಸಿದ್ದರು. ಆ ನೀರು ಬದಲಿಸುತ್ತಿರಬೇಕೆಂದು ಅವರ ಅರ್ಥ. ಒಂದು ವಾರದ ಮೇಲೆ ಬಂದು ನೋಡಿದರೆ ಏಳೂ ಬಾಟಲಿಗೆ, ಪನ್ನಿಯ ಮೇಲಿಂದ, ಒದ್ದೆ ಗೋಣಿತಟ್ಟು ಸುತ್ತಿತ್ತು. ಗದ್ದಲ ಕೇಳಿ ನಾನೂ ಹೋಗಿದ್ದೆ. ಗದ್ದಲ ಮಾಡುತ್ತಿದ್ದವನು ಖಾಜಾಸಾಬ, ಸಂತೋಷದಿಂದ.

“ಟ್ರೇದಾಗಿನ ನೀರು ಮಧ್ಯಾಹ್ನಕ್ಕ ಚಹಾದಂಗ ಕಾಯಲಿಕತ್ತಿತ್ತು ಸರ್. ಬಾಟಲಿ ಕಾಯಬಾರದು ಅಂದಿದ್ರಿ. ಮನ್ಯಾಗ ಕುಡಿಯೋ ನೀರಿನ ಗಡಗಿಗಿ ಸುತ್ತಿದಂಗ ತಟ್ಟು ತೊಯಿಸಿ ಸುತ್ತೀನಿ. ದಿನಕ್ಕ ನಾಕ್ ಸಲ ನೀರ ಹೊಡದೀನಿ. ಇತ್ವಾರ ಸೂಟಿ ದಿನ ಸುದ್ದಾ ಬಂದೀನಿ.”

ಅವರು ಒಂದು ಬಾಟಲಿಯ ತಟ್ಟು ಬಿಚ್ಚಿ, ಬೆಳಕಿಗೆ ಹಿಡಿದರು. ಎಲೆಯ ಹಾಗೆ ಕಡುಹಸಿರು. ಎಲ್ಲವೂ ಹಾಗೆಯೇ.

“ನೋಡ್ರಿ, ಹೆಂಗ ತೇಜ ಆಗ್ಯಾವ,” ಎಂದ ಖಾಜಾಸಾಬ. “ನೀವು ಇದ್ದಾಗ ಜ್ವರ ಬಂದವರಂಗ ಕೆಂಪ ಆಗಲಿಕತ್ತಿದ್ವು.”

“ಖರೆ. ಈಗ ಭಾಳ ಆರಾಮ ಅದಾವ,” ಎಂದರು ಅವರು. ಆಮೇಲೆ ನೋಟ್‌ಬುಕ್ಕು ತೆಗೆದು ಬರೆದರು: ‘ತಂಪು, ಅರೆಗತ್ತಲೆ, ದಿನಕ್ಕೆ ನಾಲ್ಕು ಸಲ ನೀರು. ಏಳೂ ಕಡುಹಸಿರು. ಪ್ರಯೋಗ ಮಾಡಿದವರು: ಖಾಜಾಸಾಬ.’ ಇದು ಕುಹಕವಲ್ಲ. ಆ ಫಲಿತಾಂಶ ಅವನದೆಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು.

ಬೈದವನು ನಾನು. ಖಾಜಾಸಾಬನನ್ನು ಕಚೇರಿಗೆ ಕರೆದು ಹೇಳಿದೆ: “ಇನ್ಮ್ಯಾಲ ನಿನ್ನ ಬುದ್ಧಿ, ಅಕಲ್ ಹಚ್ಚಬ್ಯಾಡ. ಚೀಟಿ ಬರದು ಕೊಡ್ತೀನಿ. ಚೀಟ್ಯಾಗ ಇದ್ದಷ್ಟು ಮಾಡು, ಮಾಡಿದ್ದರ ಮುಂದ ಗೆರಿ ಹಾಕು.” ಅವನು “ಜೀ ಸಾಬ್” ಎಂದ. ಅಂದಿನಿಂದ ಅವನ ಕೆಲಸದಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.

ಅವರು ಏಳೂ ಬಾಟಲಿಯದನ್ನು ಒಂದುಗೂಡಿಸಿ, ಮತ್ತೆ ಸಮನಾಗಿ ಹಂಚಿ, ಏಪ್ರಿಲ್ ಹತ್ತೊಂಬತ್ತಕ್ಕೆ ಮತ್ತೆ ಒಂದನೆಯ ದಿನದಿಂದ ಶುರು ಮಾಡಿದರು. ಹೀಗಾಗಿ ಏಪ್ರಿಲ್ ಮೂವತ್ತು ಹನ್ನೆರಡನೆಯ ದಿನವಾಯಿತು. ಇನ್ನೂ ಒಂಬತ್ತು ದಿನ ಬೇಕಿತ್ತು, ಮತ್ತು ಅವರಿಗೆ ಉಳಿದದ್ದು ಒಂದು ದಿನ.

ಅಂದು ಎಂಟಕ್ಕೆ ನಾನು ಖಾಜಾಸಾಬನ ಕೈಗೆ ಚೀಟಿ ಕೊಟ್ಟೆ. ಹತ್ತು ಕೆಲಸಗಳು, ಅಂಕಿ ಹಾಕಿ. ಓದಿಯೂ ಹೇಳಿದೆ. ಆಮೇಲೆ ನಾವಿಬ್ಬರು ಮುಂದಿನ ಕೋಣೆಯಲ್ಲಿ ಮೇಜಿನ ಎದುರು ಬದುರು ಕೂತು ಡೆಡ್ ಸ್ಟಾಕ್ ರಿಜಿಸ್ಟರು ತೆರೆದೆವು. ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ: ಬಳಸಿದರೂ ತೀರದೆ ಉಳಿಯುವ ಸಾಮಾನಿನ ಪುಸ್ತಕಕ್ಕೆ ಸರಕಾರದಲ್ಲಿ ಆ ಹೆಸರು. ಕುರ್ಚಿ, ತಕ್ಕಡಿ, ಗಾಜಿನ ಸಾಮಾನು ಎಲ್ಲ ಅದರಲ್ಲಿ ಬರುತ್ತದೆ. ಒಂದೊಂದನ್ನೇ ಓದುವುದು, ವಸ್ತುವನ್ನು ನೋಡುವುದು, ಗೆರೆ ಹಾಕುವುದು. ಶೀಶೆಯಲ್ಲಿಟ್ಟ ಕಪ್ಪೆಗಳ ಸಾಲು ಬಂದಾಗ ಅವರು ಹೇಳಿದರು, “ಇಡೀ ಡೆಡ್ ಸ್ಟಾಕಿನಾಗ ಖರೇನ ಸತ್ತಿದ್ದು ಇವು ನಾಕ.”

ಒಂಬತ್ತೂ ಕಾಲಿಗೆ ಬಾಟಲಿಗಳ ಸಾಲು ಬಂತು.

“ಗಾಜಿನ ಸಾಮಾನು ಖಾಲಿ ಮಾಡಿ ಕೊಡಬೇಕಾಗ್ತದರಿ, ಸರ್,” ಎಂದೆ.

“ಒಂಬತ್ತು ದಿನ ಬಿಟ್ಟು ಮಾಡ್ರಿ.”

“ಆಫೀಸ್ ಮುಚ್ಚಿದ ಮ್ಯಾಲ ನೀವು ಇಲ್ಲಿಯವರಲ್ಲ.”

“ನಾನಲ್ಲ, ಖರೆ. ಅವು ಇಲ್ಲಿಯವ ಅದಾವಲ್ರಿ.”

ನಿಮ್ಮ ಸ್ವಂತದ ಬಾಟಲಿಗೆ ಸುರಿದುಕೊಂಡು ಮನೆಗೆ ಒಯ್ಯಿರಿ, ನಾನು ಅಡ್ಡಿ ಮಾಡುವುದಿಲ್ಲ ಎಂದೆ. ಮನೆಯ ಕಿಟಕಿ ಉತ್ತರಕ್ಕಿದೆ ಎಂದರು. ಬಾಟಲಿಯ ಗಾಜು ಬೇರೆ, ಬೆಳಕು ಬೇರೆ. ಹನ್ನೆರಡು ದಿನ ಒಂದು ಪ್ರಯೋಗ, ಒಂಬತ್ತು ದಿನ ಇನ್ನೊಂದು ಪ್ರಯೋಗ, ಎರಡೂ ಅರ್ಧರ್ಧ. ಅವರು ಬೇಡಿಕೊಳ್ಳುವ ದನಿಯಲ್ಲಿ ಮಾತಾಡಲಿಲ್ಲ.

“ಏನರೆ ಕಾಣಲಿಕತ್ತದೇನ್ರಿ?” ಎಂದು ಕೇಳಿದೆ.

“ಬಿಸಲಿಂದು ಪೂರಾ ಕೆಂಪ ಆಗ್ಯದ. ಅದು ಆಗೋದ. ಕೆಂಪ ಪನ್ನೀದು ಇನ್ನ ಹಸರ ಅದ, ಛಲೋ ದಪ್ಪ ಬೆಳದದ. ನೀಲಿ ಪನ್ನೀದು ನಿನ್ನೆ ಮುಂಜಾನಿ ಅಂಚಿಗೆ ಒಂದಿಷ್ಟ ಕಿತ್ತಳಿ ಬಣ್ಣ ತೋರಸ್ಯದ. ಬೆಳಕು ಎರಡಕ್ಕೂ ಸಮ ಅದ ನೋಡ್ರಿ. ಅಳದೀನಿ.” ಆಮೇಲೆ ತಾವೇ ತಿದ್ದಿಕೊಂಡರು, “ನನ್ನ ಕಣ್ಣಿಗೆ ತೋರಸ್ಯದ. ನನ್ನ ಕಣ್ಣು ಮೂರು ವರ್ಷದಿಂದ ಅದನ್ನ ನೋಡಬೇಕಂತ ಕುಂತದ. ಅದರ ಮಾತು ನಂಬಲಿಕ್ಕ ಬರಂಗಿಲ್ಲ.”

ಚಾರ್ಜ್ ತೆಗೆದುಕೊಳ್ಳುವವನು ನಾನು. ತೆಗೆದುಕೊಂಡ ಮೇಲೆ ಬಾಟಲಿ ನನ್ನ ವಶದಲ್ಲಿ. ನನ್ನ ವಶದಲ್ಲಿರುವ ವಸ್ತು ‘ಬಳಕೆಯಲ್ಲಿದೆ’ ಎಂದು ನಾನು ಬರೆದರೆ ತಪ್ಪಲ್ಲ. ಈ ದಾರಿ ಹೊಳೆದಾಗ ನನಗೆ ಸಂತೋಷವಾಯಿತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನೇ ನೋಡಿ ಬರೆಯುತ್ತೇನೆ ಎಂದೂ ಹೇಳಿದೆ.

“ನೀವು ಬರೀತೀರಿ?”

“ಏನು ಬರೀಬೇಕು ಹೇಳ್ರಿ, ಅಷ್ಟು ಬರೀತೀನಿ. ಹೆಚ್ಚು ಕಡಿಮಿ ಬರಿಯಂಗಿಲ್ಲ.”

ಅವರು ಎಡಗಣ್ಣು ಮುಚ್ಚಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ನಿಮ್ಮಂಥವರು ಸಿಗಲಿಲ್ಲಂತ ಇಷ್ಟು ವರ್ಷ ಒದ್ದಾಡೀನಿ ನೋಡ್ರಿ,” ಎಂದರು.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ನಾನು ರಿಜಿಸ್ಟರಿನಲ್ಲಿ ಬರೆಯತೊಡಗಿದೆ: ‘ಬಣ್ಣದ ನೀರು ತುಂಬಿದ ಬಾಟಲಿ, ಏಳು—’

“ಬಣ್ಣದ ನೀರು ಅಲ್ಲರಿ,” ಎಂದರು.

“ಮತ್ತ?”

“ನೀರಿಗೆ ಬಣ್ಣ ಇಲ್ಲ. ಸೋಸಿ ನೋಡ್ರಿ, ನೀರು ಕೆಳಗ ಹೋಗ್ತದ, ಬಣ್ಣ ಮ್ಯಾಲ ಉಳೀತದ. ಬಣ್ಣ ಇದ್ದದ್ದು ಜೀವದಾಗ. ಜೀವ ಅಂತ ಬರೀರಿ.”

“ಡೆಡ್ ಸ್ಟಾಕಿನಾಗ ಜೀವ ಅಂತ ಹೆಂಗ ಬರೀಲಿ? ಆಡಿಟ್‌ನವರು ಬಂದು ಅದಕ್ಕ ಮೇವು ಯಾರು ಹಾಕ್ತಾರ ಅಂತ ಕೇಳ್ತಾರ.”

“ಮೇವು ಬಿಸಲು ಅಂತ ಬರೀರಿ.”

“ಬಿಸಲಿಗೆ ಕಾಲಂ ಇಲ್ರಿ.”

‘ಸಸ್ಯ’ ಎಂದು ಬರೆಯಲೆ ಎಂದು ಕೇಳಿದೆ. ಸಸ್ಯವಾದರೆ ತೋಟದ ಪುಸ್ತಕಕ್ಕೆ ಹೋಗಬೇಕು, ಕುಂಡದಲ್ಲಿರಬೇಕು, ಎಂದು ಆಮೇಲೆ ನನಗೇ ನೆನಪಾಯಿತು. ‘ಮಾದರಿ’ ಎಂದರೆ ಕಪ್ಪೆಯ ಸಾಲಿಗೆ ಸೇರುತ್ತದೆ ಎಂದು ಅವರು ಬೇಡವೆಂದರು. ‘ದ್ರಾವಣ’ ಎಂದರೆ ರಸಾಯನಶಾಸ್ತ್ರದವರು ತಮ್ಮದೆಂದಾರು. ‘ಪಾಚಿ’ ಎಂದಷ್ಟೇ ಬರೆದರೆ ತೊಳೆದಿಲ್ಲವೆಂದು ನನ್ನ ಮೇಲೆ ಮೆಮೊ ಬರುವುದು ಖಂಡಿತ. ನಾವಿಬ್ಬರೂ ಜಗಳಾಡುತ್ತಿದ್ದೆವೆಂದು ಯಾರೂ ತಿಳಿಯಬಾರದು. ಅಷ್ಟು ಚೆನ್ನಾದ ಮಾತುಕತೆ ನಮ್ಮಿಬ್ಬರ ನಡುವೆ ಹಿಂದೆ ನಡೆದಿರಲಿಲ್ಲ. ಹಿಂದಿನ ಕೋಣೆಯಿಂದ ಬಕೆಟ್ಟಿನ ಸದ್ದು, ಬ್ರಷ್ಷಿನ ಸದ್ದು ಬರುತ್ತಿತ್ತು. ಖಾಜಾಸಾಬ ಕೆಲಸ ಮಾಡುತ್ತಿದ್ದಾನೆ ಎಂದು ನನಗೆ ಸಮಾಧಾನವೂ ಆಯಿತು.

ಹತ್ತೂ ಮುಕ್ಕಾಲಿಗೆ ವಾಕ್ಯ ಸಿದ್ಧವಾಯಿತು. ‘ಜೀವಂತ ಪಾಚಿಯುಳ್ಳ ಗಾಜಿನ ಬಾಟಲಿ, ಏಳು, ಬೋಧನೆಯ ಬಳಕೆಯಲ್ಲಿದ್ದು, ಮೇ ಒಂಬತ್ತರವರೆಗೆ ಚೆಲ್ಲತಕ್ಕದ್ದಲ್ಲ.’ ಇಬ್ಬರೂ ಸಹಿ ಮಾಡಿದೆವು. ಅವರು ಪುಟವನ್ನು ಬೆಳಕಿಗೆ ಹಿಡಿಯದೆ ಓದಿ ಸಹಿ ಮಾಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅದೇ ವಾಕ್ಯವನ್ನು ಒಂದು ಚೀಟಿಯಲ್ಲಿ ನಕಲು ಮಾಡಿಕೊಂಡು, ಕಿಟಕಿಗೆ ಅಂಟಿಸಲು ಇಬ್ಬರೂ ಹಿಂದಿನ ಕೋಣೆಗೆ ಹೋದೆವು.

ಏಳು ಬಾಟಲಿ ತಟ್ಟಿನ ಮೇಲೆ ಬೋರಲಾಗಿದ್ದವು. ನೀರು ಬಸಿಯುತ್ತಿತ್ತು. ಪಕ್ಕದಲ್ಲಿ ಪನ್ನಿಯ ಕಾಗದಗಳನ್ನು ಬಣ್ಣ ಬಣ್ಣ ಬೇರೆ ಮಾಡಿ, ಮಡಿಚಿ, ಹಾರದ ಹಾಗೆ ಕಲ್ಲು ಹೇರಿತ್ತು. ಖಾಜಾಸಾಬ ಕೈ ಒರೆಸಿಕೊಳ್ಳುತ್ತಿದ್ದ. ಚೀಟಿ ತೋರಿಸಿದ. ಆರನೆಯ ಕೆಲಸ, ‘ಎಲ್ಲಾ ಗಾಜಿನ ಸಾಮಾನು ಖಾಲಿ ಮಾಡಿ, ತೊಳೆದು, ಎಣಿಕೆಗೆ ಇಡುವುದು.’ ಅದರ ಮುಂದೆ ಗೆರೆ ಹಾಕಿತ್ತು. ಕೈಬರಹ ನನ್ನದು.

“ಇವನ್ನ ಯಾಕ ತೊಳದಿ?” ಎಂದೆ. ನನ್ನ ದನಿ ಏರಿತ್ತು.

“ಎಲ್ಲಾ ಅಂತ ಬರದೀರಲ್ರಿ ಸಾಬ್.”

“ಒಂದು ಮಾತು ಕೇಳಬಾರದಿತ್ತಾ?”

ಖಾಜಾಸಾಬ ನನ್ನನ್ನು ನೋಡಿ ನಿಧಾನವಾಗಿ ಹೇಳಿದ: “ಆವಾಗ ಅಕಲ್ ಹಚ್ಚಿದ್ದಕ್ಕ ಬೈದ್ರಿ. ಈಗ ಹಚ್ಚಲಿಲ್ಲ ಅಂತ ಬೈತೀರೇನ್ರಿ?”

ಚೀಟಿ ಬರೆಯುವಾಗ ಆ ಏಳು ಬಾಟಲಿ ನನ್ನ ನೆನಪಿನಲ್ಲಿ ಇರಲಿಲ್ಲವೆಂದು ಹೇಳಿದರೆ ಅದು ಸುಳ್ಳು. ಚಾರ್ಜ್ ನಡೆಯುವಾಗ ಮಾತು ಬರುತ್ತದೆ, ಆಗ ನೋಡೋಣವೆಂದು ಬಿಟ್ಟಿದ್ದೆ. ತೊಳೆಯುವುದು ಆರನೆಯ ಕೆಲಸ, ಅದಕ್ಕೆ ಹನ್ನೊಂದಾಗುತ್ತದೆಂದು ಎಣಿಸಿದ್ದೆ. ಖಾಜಾಸಾಬ ಅಂದು ಬೇಗ ಬೇಗ ಮಾಡಿದ್ದ, ಸರ್ ಅವರ ಕೊನೆಯ ದಿನವೆಂದು.

ಅವರು ಒಂದು ಬಾಟಲಿ ಎತ್ತಿ ಕಿಟಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ.

“ಛಲೋ ತೊಳದಿ,” ಎಂದರು. ಆಮೇಲೆ, “ಒಳಗಿಂದು ಎಲ್ಲಿ ಹಾಕೀದಿ?”

“ಬಕೆಟ್‌ನಾಗ ಅದ ಸರ್. ಬ್ಯಾಸಿಗ್ಯಾಗ ಚೆಲ್ಲೋದ್ಯಾಕ ಅಂತ.”

ಬಕೆಟ್ಟಿನಲ್ಲಿ ಏಳೂ ಕೂಡಿತ್ತು. ಕೆಂಪು, ಹಸಿರು, ಕಿತ್ತಳೆ ಎಲ್ಲ ಬೆರೆತು ಹಳೆಯ ಚಹಾದ ಬಣ್ಣ. ಅವರು ಬಗ್ಗಿ ನೋಡಿದರು, ಕೈ ಹಾಕಲಿಲ್ಲ.

“ಬೇವಿನ ಸಸಿಗೆ ಹಾಕು,” ಎಂದರು. “ನೀರು ಹಾಳು ಮಾಡಬ್ಯಾಡ.”

ಒಂದೂವರೆ ತಾಸು ನನ್ನೊಂದಿಗೆ ವಾದಿಸಿದವರು ಅದನ್ನು ನೀರು ಎಂದರು. ಖಾಜಾಸಾಬ ಬಕೆಟ್ ಎತ್ತಿಕೊಂಡು ಹೋದ.

ಮುಂದಿನ ಕೋಣೆಗೆ ಬಂದು ಕೂತೆವು. ನಾನು ಕೆಂಪು ಮಸಿಯಿಂದ ಆ ವಾಕ್ಯವನ್ನು ಹೊಡೆದು ಹಾಕಿದೆ. ಹೊಡೆದು ಹಾಕಿದ್ದಕ್ಕೆ ಇಬ್ಬರ ಕಿರುಸಹಿ ಬೇಕು, ಹಾಕಿದೆವು. ‘ಬಾಟಲಿ, ಏಳು, ಖಾಲಿ’ ಎಂದು ಬರೆದೆ. ಆ ಸಾಲಿನ ಬಗ್ಗೆ ಅವರು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ನನಗೆ ಸುಮ್ಮನಿರಲಾಗಲಿಲ್ಲ.

“ಸರ್, ನೀಲಿಗೇ ಕೆಂಪ ಆಗ್ತದಂತ ನಿಮಗ ಗೊತ್ತ ಅದ. ಹನ್ನೆರಡು ದಿನಕ್ಕ ಕಂಡಿತ್ತು. ಹಂಗಂತ ಬರದುಬಿಡ್ರಿ. ಯಾರು ಕೇಳ್ತಾರ?”

“ಯಾರೂ ಕೇಳಂಗಿಲ್ಲ,” ಎಂದರು. “ಮೂರು ವರ್ಷದಿಂದ ಯಾರೂ ಕೇಳಿಲ್ಲ. ಪನ್ನಿ ಅಂಗಡಿಯವರು ಒಬ್ರು ಕೇಳ್ತಾರ. ಅವರಿಗೆ ಸುಳ್ಳು ಹೇಳಲಿಕ್ಕ ಆಗ್ತದೇನ್ರಿ?”

ನೋಟ್‌ಬುಕ್ಕು ತೆರೆದು ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಎದುರಿನಿಂದ ತಲೆಕೆಳಗಾಗಿ ಓದಿದೆ. ‘ಹನ್ನೆರಡನೆಯ ದಿನ. ಬಾಟಲಿ ಖಾಲಿ. ಬಣ್ಣ ಬೆಳಕಿನ ಜೋರಿನಿಂದಲೋ, ಬೆಳಕಿನ ಬಣ್ಣದಿಂದಲೋ, ತಿಳಿಯಲಿಲ್ಲ.’ ಕೆಳಗೆ ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ನಾನು ಸ್ಕೇಲು ಮುಂದೆ ಸರಿಸಿದೆ, ಅವರು ತೆಗೆದುಕೊಳ್ಳಲಿಲ್ಲ.

ಉಳಿದ ಎಣಿಕೆಗೆ ಒಂದು ಗಂಟೆಯವರೆಗೆ ಹಿಡಿಯಿತು. ಸೂಕ್ಷ್ಮದರ್ಶಕಗಳು, ಗಾಜಿನ ಪಟ್ಟಿಗಳು, ಗೋಡೆಯ ಚಿತ್ರಗಳು. ಎಲ್ಲ ಸರಿಯಾಗಿತ್ತು. ಹತ್ತು ವರ್ಷದ ಚಾರ್ಜಿನಲ್ಲಿ ಒಂದು ವಸ್ತುವೂ ಕಡಿಮೆಯಿರಲಿಲ್ಲ. ಅಂಥ ಚಾರ್ಜನ್ನು ನಾನು ಆ ಮೊದಲೂ ತೆಗೆದುಕೊಂಡಿರಲಿಲ್ಲ, ಆಮೇಲೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವರು ಆ ನೋಟ್‌ಬುಕ್ಕನ್ನು ನನ್ನ ಕಡೆಗೆ ತಳ್ಳಿದರು.

“ಇದನ್ನೂ ತಗೋರಿ. ಕಾಲೇಜಿನ ಕಾಗದ ಇದು.”

ಬೇಡ, ನೀವೇ ಇಟ್ಟುಕೊಳ್ಳಿ ಎಂದು ಹೇಳಬಹುದಿತ್ತು. ಹೇಳಲಿಲ್ಲ, ಮೊದಲ ಪುಟದಲ್ಲಿ ಕಾಲೇಜಿನ ಮುದ್ರೆಯಿತ್ತು. ರಿಜಿಸ್ಟರಿನಲ್ಲಿ ಹೊಸ ಸಾಲು ಬರೆದೆ: ‘ನೋಟ್‌ಬುಕ್ಕು, ಒಂದು.’ ಕೊನೆಯ ಕಾಲಮ್ಮು ವಸ್ತುವಿನ ಸ್ಥಿತಿ. ಅಲ್ಲಿ ಬರೆಯಲು ಅವಕಾಶವಿರುವುದು ಮೂರೇ: ಉತ್ತಮ, ದುರಸ್ತಿಗೆ ಯೋಗ್ಯ, ನಿರುಪಯುಕ್ತ. ನಾನು ಪೆನ್ನು ಹಿಡಿದು ಅವರ ಮುಖ ನೋಡಿದೆ.

“ಮುಗಿದಿಲ್ಲ ಅಂತ ಬರೀರಿ,” ಎಂದರು.

“ಅದಕ್ಕ ಜಾಗ ಇಲ್ರಿ. ಈ ಮೂರರಾಗ ಒಂದು ಹೇಳ್ರಿ,” ಎಂದು ಮೂರನ್ನೂ ಓದಿದೆ.

ಮೂರನ್ನೂ ಮತ್ತೊಮ್ಮೆ ಓದಿಸಿದರು. ಹೊರಗೆ ಖಾಜಾಸಾಬ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ. ಚೀಟಿಯ ಹತ್ತನೆಯ ಕೆಲಸ ಅದು.

“ಹಂಗಾರ ದುರಸ್ತಿಗೆ ಅಂತ ಬರೀರಿ,” ಎಂದರು.

ಬರೆದೆ. ಅವರು ಸಹಿ ಮಾಡಿದರು, ನಾನು ಮಾಡಿದೆ. ಮಸಿ ಒತ್ತಿ, ರಿಜಿಸ್ಟರು ಮುಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಾಗ ಒಂದು ಗಂಟೆ ಇಪ್ಪತ್ತೈದು ನಿಮಿಷ.